ಕ್ಯಾನ್ಸರ್ ಗೆಡ್ಡೆಗೆ ರಕ್ತ ನಿಲ್ಲಿಸಬೇಕೋ, ಹರಿಸಬೇಕೋ?

ಶರಾವತಿ:
ಅಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಎಂಟು ವರ್ಷದಿಂದ ಬಿಪಿಗೆ ಲೊಸಾರ್ಟಾನ್ ನುಂಗ್ತಿದ್ದಾರೆ. ಅದೇ ಮಾತ್ರೆ ಇಲಿಗಳ ಗೆಡ್ಡೆಯಲ್ಲಿ ರಕ್ತದ ಹರಿವು ಹೆಚ್ಚಿಸಿತು ಅಂತ 2013ರಲ್ಲಿ ಬಾಸ್ಟನ್ನಿನ ಕ್ಯಾನ್ಸರ್ ಸಂಶೋಧಕ ರಾಕೇಶ್ ಜೈನ್ ತಂಡ ಬರೆದಿದೆ. ಹಾಗಾದ್ರೆ ಗೆಡ್ಡೆಗೆ ಊಟ ಹಾಕಿದ ಹಾಗಲ್ವಾ?

ಔಷಧಿ ರಾಯ:
ಅಲ್ಲಮ್ಮ. ರಕ್ತ ಹೋದಲ್ಲಿಗೇ ಕೀಮೋನೂ ಹೋಗೋದು. ಗೆಡ್ಡೆಯೊಳಗಿನ ಕೊಲಾಜೆನ್ ಅನ್ನೋ ನಾರಿನಂಥ ಪ್ರೋಟೀನ್ ರಕ್ತನಾಳಗಳನ್ನ ಹಿಸುಕಿಬಿಟ್ಟಿರುತ್ತೆ. ಲೊಸಾರ್ಟಾನ್ ಅದನ್ನ ಕಡಿಮೆ ಮಾಡಿ, ಮುಚ್ಚಿದ ನಾಳ ಬಿಡಿಸಿತು. ಕೀಮೋ ಜೊತೆ ಕೊಟ್ಟ ಇಲಿಗಳು ಹೆಚ್ಚು ದಿನ ಬದುಕಿದವು.

ಹುಬ್ಬಳ್ಳಿಯಾಂವ:
"ರಕ್ತ ಹೋದಲ್ಲಿ" ಅಂತೀರಲ್ರೀ, ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಾಗ ಹೇಳಿದ್ದು ಉಲ್ಟಾ ಐತಿ. ಹೊಸ ನಾಳ ತಡೀರಿ, ಗಡ್ಡಿ ಬೆಳೆಯೂದಿಲ್ಲ ಅಂತ. ಗಡ್ಡಿಯೊಳಗ ಇದ್ದ ನಾಳ ಮುಚ್ಚೋ ಔಷಧ ಕಾಂಬ್ರೆಟಾಸ್ಟಾಟಿನ್ ಕೊಟ್ಟ ಹೆಗ್ಗಣದ ಗಡ್ಡಿಯೊಳಗ ಆರು ತಾಸಿನ್ಯಾಗ ರಕ್ತ ನೂರರಾಗ ಒಂದು ಪಾಲಿಗೆ ಇಳೀತು!

ಮಲೆನಾಡಿನವ:
ಹೆಗ್ಗಣ? ಲ್ಯಾಬಿನಲ್ಲಿರೋದು ಬಿಳಿ ಇಲಿ. ಹೆಗ್ಗಣ ಬೇರೆ ಜಾತಿ.

ಹುಬ್ಬಳ್ಳಿಯಾಂವ:
ನಮ್ಮ ಕಡೆ ದೊಡ್ಡ ಇಲಿಗೆ ಹೆಗ್ಗಣ ಅಂತನ ಅಂತೀವಿ.

ಔಷಧಿ ರಾಯ:
ಜಾತಿ ಬಿಡಿ. ಆ ಗೆಡ್ಡೆಯ ನಡುಭಾಗ ಸತ್ತು ಅಂಚು ಉಳಿಯಿತು, ಅಲ್ಲಿಂದ ಮತ್ತೆ ಚಿಗುರಿತು. ಅದನ್ನ ಯಾಕೆ ಹೇಳಲಿಲ್ಲ?

ಮಲೆನಾಡಿನವ:
ಜಾತಿ ಹೇಗೆ ಬಿಡೋದು? ಲೊಸಾರ್ಟಾನ್ ಕೊಟ್ಟಿದ್ದು 25 ಗ್ರಾಮಿನ ಚಿಕ್ಕ ಇಲಿಗೆ, ಕಾಂಬ್ರೆಟಾಸ್ಟಾಟಿನ್ ಅದರ ಹತ್ತು ಪಟ್ಟು ತೂಗೋ ದೊಡ್ಡ ಇಲಿಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತೀರಿ. ಮೊದಲು ಪ್ರಾಣಿಯ ಹೆಸರು ಸರಿಯಾಗಿ ಬರೀರಿ.

ಹುಬ್ಬಳ್ಳಿಯಾಂವ:
ಭಾಷಾ ಕಲಿಸಬ್ಯಾಡ್ರಿ ನನಗ! ನಮ್ಮಜ್ಜ ಕಣಜದಾಗ ಹಿಡಿದದ್ದು ಹೆಗ್ಗಣನ.

ಮಲೆನಾಡಿನವ:
ಕಣಜದ್ದು ಹೆಗ್ಗಣವೇ. ಲ್ಯಾಬಿನದ್ದಲ್ಲ.

ಹುಬ್ಬಳ್ಳಿಯಾಂವ:
ರಾಯರ, ರಕ್ತ ಹೆಚ್ಚಿಸಿ ಗೆದ್ದವರು ಯಾರು? ಹೆಡ್ಜ್‌ಹಾಗ್ ಅನ್ನೂ ಜೀವಕೋಶದ ಸಂಕೇತ ತಡೆಯೋ ಔಷಧ 2009ರಾಗ ಇಲಿ ಗಡ್ಡಿಗೆ ರಕ್ತ ಹರಿಸಿತು, ಕೀಮೋನೂ ಮುಟ್ಟಿಸಿತು. 2012ರಾಗ ಮನುಷ್ಯಾರ ಮ್ಯಾಲಿನ ಪ್ರಯೋಗ ನಿಲ್ಲಿಸಬೇಕಾತು. ಔಷಧ ತಗೊಂಡವರ ಲಗೂನ ತೀರಿಕೊಳ್ಳಾಕತ್ತಿದ್ರು.

ಔಷಧಿ ರಾಯ:
ಅದು ಲೊಸಾರ್ಟಾನ್ ಅಲ್ಲ. ನೀವು ಹೇಳೋ ಹೊಸ ನಾಳ ತಡೆಯೋ ಔಷಧ ಅವಾಸ್ಟಿನ್ ಕೂಡ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಬದುಕನ್ನ 15.6ರಿಂದ 20.3 ತಿಂಗಳಿಗೆ ಏರಿಸಿದ್ದು ಕೀಮೋ ಜೊತೆ ಕೊಟ್ಟಾಗಲೇ. ಅಂಕುಡೊಂಕು ನಾಳಗಳು ಸ್ವಲ್ಪ ದಿನ ನೆಟ್ಟಗಾಗಿ ಕೀಮೋ ಒಳಗೆ ಹೋಗುತ್ತೆ ಅನ್ನೋದೇ ಜೈನ್ ವಾದ.

ಹುಬ್ಬಳ್ಳಿಯಾಂವ:
"ಸ್ವಲ್ಪ ದಿನ"! ನೀವ ಒಪ್ಪಿದ್ರಿ.

ಶರಾವತಿ:
ಅಪ್ಪ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ ಅಂತಾರೆ. ಇವತ್ತು ಬೆಳಿಗ್ಗೆ ಬಿಪಿ 94/60. ಮಾತ್ರೆ ಕೈಯಲ್ಲೇ ಹಿಡ್ಕೊಂಡು ಕೂತಿದ್ದಾರೆ.

ಔಷಧಿ ರಾಯ:
ಈಗಲೇ ಡಾಕ್ಟರಿಗೆ ಫೋನ್ ಮಾಡಮ್ಮ. ಇಲ್ಲಿ ಕಾಯಬೇಡ.

ಹುಬ್ಬಳ್ಳಿಯಾಂವ:
ಹೌದ್ರಿ ಅಕ್ಕಾರ, ಮೊದಲ ಫೋನ್ ಹಚ್ಚರಿ. ಆದ್ರ ಹೆಗ್ಗಣ ಅಂದದ್ದು ತಪ್ಪಲ್ಲ.