ಲೂಥಿಯರ್‌ಗೆ ಕನ್ನಡ ಪದ ಬೇಕು (ಬೋರ್ಡಿಗೆ, ತುರ್ತು)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಇಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೈಯಾರೆ ಮಾಡುತ್ತಾನೆ. ಹೆಡ್‌ಲೆಸ್ ಗಿಟಾರ್. ಕತ್ತಿನ ತುದಿಯಲ್ಲಿ ತಲೆ ಇರುವುದಿಲ್ಲ, ತಂತಿ ಬಿಗಿಯುವ ಬಿರಡೆ ಎಲ್ಲಾ ಕೆಳಗೆ ಕುದುರೆಯ (ತಂತಿಗಳು ಕೂರುವ ಬ್ರಿಡ್ಜ್) ಹತ್ತಿರ. ಹಾಗಾಗಿ ಕತ್ತು ನೆಲದ ಕಡೆ ಜಗ್ಗುವುದಿಲ್ಲ, ಎಡಗೈಗೆ ಭಾರ ಬೀಳುವುದಿಲ್ಲ. ಎರಡು ಪದ ಬೇಕು: ಲೂಥಿಯರ್ (ತಂತಿವಾದ್ಯ ಮಾಡುವವನು), ಎರ್ಗೊನಾಮಿಕ್ (ಬಳಸುವವರ ಮೈಗೆ ಹೊಂದುವಂತೆ ಮಾಡಿದ್ದು). ಎರಡನೆಯದಕ್ಕೆ ‘ದಕ್ಷತಾಶಾಸ್ತ್ರೀಯ’ ಅಂತ ಸಿಕ್ಕಿತು. ಓದಿದ ಒಬ್ಬರಿಗೂ ತಿಳಿಯಲಿಲ್ಲ. ಪೇಂಟರ್ ಶುಕ್ರವಾರ ಬರುತ್ತಾರೆ.
(ಹುಬ್ಬಳ್ಳಿಯಿಂದ)

‘ಬಡಿಗೇರ’ ಇರುವಾಗ ಬೇರೆ ಪದ ಯಾಕೆ? ನಮ್ಮ ಕಡೆ ಮನೆತನಕ್ಕೇ ಆ ಹೆಸರಿದೆ. ‘ಗಿಟಾರ್ ಬಡಿಗೇರ’ ಅಂತ ಬರೆಸಿ. ‘ವಾದ್ಯಶಿಲ್ಪಿ’ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದು ಬೇಡ. ಅಚ್ಚಗನ್ನಡ ಇರಲಿ.
(ಗದಗ)

ಅಚ್ಚಗನ್ನಡ ಅಲ್ಲ ಸರ್. ಬಡಗಿ ಎಂಬುದು ‘ವರ್ಧಕಿ’ಯ ತದ್ಭವ. ತಂತಿ ‘ತಂತ್ರಿ’ಯ ತದ್ಭವ. ಲೂಥಿಯರ್ ಕೂಡ ಎರವಲೇ. ಫ್ರೆಂಚರ ‘ಲ್ಯೂತ್’ ವಾದ್ಯ ಮಾಡುವವನು ಲೂಥಿಯರ್, ಆ ಲ್ಯೂತ್ ಬಂದದ್ದು ಅರಬ್ಬಿಯ ‘ಅಲ್ ಊದ್’ನಿಂದ. ಗಿಟಾರ್‌ನ ಬೇರು ಗ್ರೀಕಿನ ‘ಕಿಥಾರಾ’. ನಮ್ಮ ತಂಬೂರಿಯೂ ಪಾರಸಿಯ ಕಡೆಯಿಂದ ಬಂದದ್ದೇ. ಧಾರವಾಡದ ಗವಾಯಿಗಳಿಗೆ ತಂಬೂರಿ ಮಾಡಿಕೊಡುವ ಮಿರಜದಲ್ಲಿ ‘ಸಿತಾರಮೇಕರ್’ ಅಂತಲೇ ಅಡ್ಡಹೆಸರಿದೆ. ಅರ್ಧ ಇಂಗ್ಲಿಷು, ಆದರೂ ಯಾರಿಗೂ ಪರಕೀಯ ಅನ್ನಿಸಿಲ್ಲ. ಲೂಥಿಯರ್ ಅಂತಲೇ ಬರೆಸಿ.
(ಧಾರವಾಡ)

ವರ್ಧಕಿ ಯಾರ ಬಾಯಲ್ಲಿದೆ? ಬಡಿಗೇರ ಎಲ್ಲರ ಬಾಯಲ್ಲಿದೆ. ನಾಲಿಗೆಯ ಮೇಲೆ ಪಳಗಿದ್ದು ನಮ್ಮದು. ಲೂಥಿಯರ್ ಪಳಗಿಲ್ಲ, ಅಷ್ಟೇ. ಸಂಸ್ಕೃತದ ಎರವಲು ಸವೆದು ಕನ್ನಡವಾಗಿದೆ. ಇಂಗ್ಲಿಷಿನದನ್ನು ಸವೆಯಲೂ ಬಿಡದೆ ಹಾಗೇ ಎತ್ತಿಡುತ್ತೀರಿ, ನನ್ನ ಸಿಟ್ಟು ಅದಕ್ಕೆ.
(ಗದಗ)

ಬೋರ್ಡು, ಪೇಂಟರ್, ಗಿಟಾರ್ ಸವೆದಿವೆ ಅಲ್ವಾ? ಯಾರೋ ಮೊದಲು ಹಾಗೇ ಎತ್ತಿಟ್ಟಿದ್ದರಿಂದಲೇ.
(ಧಾರವಾಡ)

ಕೇಳಿದವರು ಕಾಯುತ್ತಿದ್ದಾರೆ. ಎರ್ಗೊನಾಮಿಕ್‌ಗೆ ‘ಮೈಗೊಗ್ಗುವ’ ಅನ್ನಿ ಅಕ್ಕಾ. ಕೊಡಲಿಯ ಕಾವು ಕೈಗೆ ಒಗ್ಗಬೇಕು ಅಂತ ಹೇಳಿಯೇ ಊರಲ್ಲಿ ಮಾಡಿಸುತ್ತೇವೆ. ಗಿಟಾರ್‌ನಲ್ಲೂ ಇದು ಹೊಸದಲ್ಲ. 1954ರಲ್ಲಿ ಬಂದ ಫೆಂಡರ್ ಸ್ಟ್ರ್ಯಾಟೊಕಾಸ್ಟರ್‌ನಲ್ಲೇ ಪಕ್ಕೆಗೂ ಮುಂಗೈಗೂ ಒತ್ತುವ ಅಂಚನ್ನು ಕೆತ್ತಿ ಇಳಿಜಾರು ಮಾಡಿದ್ದರು. ಮೈಗೆ ಒಗ್ಗಲಿ ಅಂತಲೇ.
(ಹಾವೇರಿ)

‘ಮೈಗೊಗ್ಗುವ’ ಕೇಳಿ ತಮ್ಮ ಕುಣಿದಾಡಿದ. ಹಾವೇರಿಯವರಿಗೆ ತುಂಬಾ ಥ್ಯಾಂಕ್ಸ್. ‘ಬಡಿಗೇರ’ ನನಗೂ ಇಷ್ಟವಾಗಿತ್ತು. ಆದರೆ ಜನ ಬಾಗಿಲು, ಕಿಟಕಿ ಮಾಡಿಸಲು ಬರುತ್ತಾರೆ ಅನ್ನುತ್ತಾನೆ. ಲೂಥಿಯರ್ ಅಂದರೆ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಗೆ ಪೇಂಟರ್‌ಗೆ ಇಷ್ಟು ಬರೆದುಕೊಟ್ಟೆ: ‘ಮೈಗೊಗ್ಗುವ ಗಿಟಾರ್. ಕೈಯಾರೆ ಮಾಡಿಕೊಡುತ್ತೇವೆ.’
(ಹುಬ್ಬಳ್ಳಿಯಿಂದ)

‘ಗಿಟಾರ್‌ಗಳು’ ಅಂತ ಬಹುವಚನ ಹಾಕಬೇಡಿ. ಈಗಿರುವುದೇ ಸರಿ.
(ಗದಗ)