ಅಪ್ಪಾಜಿಯ ರೇಜರ್ ಸಿಕ್ಕಿದೆ, ಆದರೆ ನೊರೆನೇ ನಿಲ್ಲುತ್ತಿಲ್ಲ

ನವನಗರದವ, ಬಾಗಲಕೋಟೆ:
ಹಳೇ ಊರಿನ ಮನೆ ಹಿನ್ನೀರಿಗೆ ಹೋದಾಗ ಇಲ್ಲಿಗೆ ತಂದ ಟ್ರಂಕು ಹೋದ ತಿಂಗಳು ತೆಗೆದೆವು. ಒಳಗೆ ಧೋತರದ ತುಂಡಿನಲ್ಲಿ ಸುತ್ತಿಟ್ಟ ಅಪ್ಪಾಜಿಯ ರೇಜರ್ ಇತ್ತು. ಹಿಡಿಕೆ, ತಟ್ಟೆ, ಮುಚ್ಚಳ ಅಂತ ಮೂರು ಭಾಗ, ಕೈಗೆ ಚೆನ್ನಾಗಿ ಭಾರ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ, ಹೊಳೆಯಿತು. ಟೋಪಾಜ್ ಬ್ಲೇಡ್ ತಂದು ಹಾಕಿದೆ, ಸರಿಯಾಗಿ ಕೂತಿತು. ಬ್ರಷ್ಷು, ದುಂಡು ಸೋಪು ಹೊಸವು.

ಕಷ್ಟ ಇರೋದು ನೊರೆಯಲ್ಲಿ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಒಣಗಿ ಬಿಳಿ ಪುಡಿ ಆಗುತ್ತದೆ. ಕುತ್ತಿಗೆ ಉರಿಯೋ ಉರಿ. ಅಪ್ಪಾಜಿ ಕಟ್ಟೆ ಮೇಲೆ ಕೂತು, ಕಿಟಕಿ ಸರಳಿಗೆ ಕನ್ನಡಿ ಸಿಗಿಸಿ, ಅರ್ಧ ತಾಸು ಆರಾಮಾಗಿ ಕೆರೆದುಕೊಳ್ಳುತ್ತಿದ್ದರು. ಅವರ ಮುಖದ ನೊರೆ ಒಣಗಿದ್ದು ನಾನು ನೋಡೇ ಇಲ್ಲ. ತಪ್ಪು ಸೋಪಿನದಾ, ನನ್ನದಾ?

ಗುಮ್ಮಟದ ಊರವ, ವಿಜಯಪುರ:
ಮನೆಯಲ್ಲಿ ಬೋರ್ ನೀರಾ? ಹಾಗಿದ್ದರೆ ತಪ್ಪು ನೀರಿನದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತವೆ, ನೊರೆಗೆ ಸೋಪೇ ಉಳಿಯೋದಿಲ್ಲ. ಚಹಾ ಪಾತ್ರೆ ತಳಕ್ಕೆ ಬಿಳಿ ಪದರು ಕಟ್ಟಿದೆಯಾ ನೋಡ್ರಿ. ನಾನೂ ಎರಡು ಸೋಪು ಬದಲಿಸಿ, ಅಂಗಡಿಯವನನ್ನು ಸುಮ್ನೆ ಬೈದವನೇ!

ಒಂದು ಲೋಟ ಆರ್‌ಒ ಫಿಲ್ಟರ್ ನೀರು ಬಿಸಿ ಮಾಡ್ರಿ, ಸಾಕು. ಬ್ರಷ್ ಅದರಲ್ಲಿ ನೆನೆಸಿ, ಝಾಡಿಸಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುವಬೇಕು. ಆಮೇಲೆ ಮುಖದ ಮೇಲೆ ಹನಿ ಹನಿ ನೀರು ಸೇರಿಸುತ್ತಾ ತಿರುವ್ರಿ. ಮೊಸರಿನ ಕೆನೆ ಹಾಗೆ ಹೊಳಪು ಬರಬೇಕು. ಗುಳ್ಳೆ ಕಂಡರೆ ನೀರು ಜಾಸ್ತಿ ಆಗಿದೆ.

ಶಹಾಪುರದ ಕಾಕಾ, ಬೆಳಗಾವಿ:
ನೀರಿನ ಮಾತು ಖರೆ. ಆದರೆ ಕುತ್ತಿಗೆ ಉರಿಗೆ ಬೇರೆ ಕಾರಣ ಇರುತ್ತದೆ ತಮ್ಮಾ. ಈಗಿನ ಕಾರ್ಟ್ರಿಡ್ಜ್ ರೇಜರ್ (ತಲೆಯನ್ನೇ ಬದಲಿಸೋ ಪ್ಲಾಸ್ಟಿಕ್ಕಿನದು) ಒತ್ತಿ ರೂಢಿ ಆದ ಕೈ ಇದನ್ನೂ ಒತ್ತುತ್ತದೆ. ಒತ್ತಬೇಡ, ರೇಜರಿನ ಭಾರವೇ ಸಾಕು. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ ಇರಲಿ. ಕುತ್ತಿಗೆ ಕೂದಲು ಒಬ್ಬೊಬ್ಬರಿಗೆ ಒಂದೊಂದು ದಿಕ್ಕು. ಬೆರಳಾಡಿಸಿ ನೋಡಿಕೊಂಡು, ಮೊದಲ ಸಲ ಕೂದಲು ಮಲಗಿದ ಕಡೆಗೇ ಎಳಿ. ಎದುರು ಎಳೆಯುವ ಆಸೆ ಒಂದು ತಿಂಗಳು ಬೇಡ. ಮುಗಿದ ಮೇಲೆ ತಣ್ಣೀರು ಹಾಕಿ, ತುರಟಿ (ಪಟಿಕದ ಕಲ್ಲು) ಸವರು. ತುರಟಿ ಚುರುಗುಟ್ಟಿದ ಕಡೆ ಕೈ ಭಾರ ಬಿದ್ದಿದೆ ಅಂತ ತಿಳಿ.

ಬ್ರಷ್ ತೊಳೆದು, ನೀರು ಝಾಡಿಸಿ, ಗಾಳಿಗಿಡು. ಡಬ್ಬಿಯಲ್ಲಿ ಮುಚ್ಚಿಟ್ಟರೆ ಮುಗ್ಗಲು ವಾಸನೆ.

ನವನಗರದವ:
ಇಬ್ಬರಿಗೂ ಶರಣು. ಇವತ್ತು ಫಿಲ್ಟರ್ ನೀರಲ್ಲಿ ಮಾಡಿದೆ, ಕೊನೆಯವರೆಗೂ ನೊರೆ ನಿಂತಿತು. ಕಾಕಾ, ತುರಟಿ ಗದ್ದದ ಕೆಳಗೆ ಎರಡು ಕಡೆ ಚುರುಗುಟ್ಟಿತು, ಕೈ ಇನ್ನೂ ಪಳಗಬೇಕು. ಇಪ್ಪತ್ತೈದು ನಿಮಿಷ ಹಿಡಿಯಿತು, ಬಸ್ಸೂ ತಪ್ಪಿತು.

ಹಳೇ ಬ್ಲೇಡ್ ಕಾಗದದಲ್ಲಿ ಸುತ್ತಿ ಎಸೆಯಲು ಹೊರಟಿದ್ದೆ. ಅವ್ವ ತಡೆದಳು. "ಅರ್ಧ ಮುರಿದು ಕೊಡು, ಹೊಲಿಗೆ ಬಿಚ್ಚಾಕ ಬೇಕು" ಅಂದಳು.