ಟೈಟಾನಿಯಂ ಉಂಗುರದ ನೀಲಿ ಬಣ್ಣ ತೆಗೆದು ಹೊಳಪು ಬರಿಸುವುದು ಹೇಗೆ?

ಪ್ರಶ್ನೆ (ಶಿರಾ ಗೇಟ್, ತುಮಕೂರು): ನಮಸ್ಕಾರ ಸರ್. ನನ್ನ ಮದುವೆ ಉಂಗುರ ಟೈಟಾನಿಯಂದು. ಮೇಲೆ ನೀಲಿ ಆನೋಡೈಸಿಂಗ್ ಇದೆ, ಅಂದರೆ ಕರೆಂಟ್ ಹಾಯಿಸಿ ಬರಿಸಿದ ಬಣ್ಣ. ನಾಲ್ಕು ವರ್ಷಕ್ಕೆ ಅಂಚೆಲ್ಲ ಸವೆದು ಬೂದು ಬಣ್ಣ ಕಾಣುತ್ತಿದೆ. ನೀಲಿ ಪೂರ್ತಿ ಹೋಗಿ ಫಳಫಳ ಅನ್ನಬೇಕು. ವಿಡಿಯೋ ನೋಡಿ ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದೆ. ಉಂಗುರ ಹಾಗೇ ಇದೆ. ಅಲ್ಯೂಮಿನಿಯಂ ಬಟ್ಟಲಿನ ತಳ ಮಾತ್ರ ಕಪ್ಪಾಗಿ ತಿಂದುಹೋಗಿದೆ. ಏನು ತಪ್ಪಾಯಿತು?

ಉತ್ತರ (ಪಾಲಿಶಿಂಗ್ ಕೆಲಸ, ಹಿರೇಹಳ್ಳಿ ಕೈಗಾರಿಕಾ ಪ್ರದೇಶ): ನಮಸ್ಕಾರ. ನಿಮ್ಮ ಬಟ್ಟಲೇ ಉತ್ತರ ಹೇಳುತ್ತಿದೆ ನೋಡಿ. ಆ ವಿಡಿಯೋ ಅಲ್ಯೂಮಿನಿಯಂ ಆನೋಡೈಸಿಂಗ್ ತೆಗೆಯೋದು. ಕಾಸ್ಟಿಕ್ ಅಲ್ಯೂಮಿನಿಯಂ ತಿನ್ನುತ್ತದೆ, ಟೈಟಾನಿಯಂ ತಂಟೆಗೆ ಹೋಗುವುದಿಲ್ಲ. ಇನ್ನೊಮ್ಮೆ ಹಾಗೆ ಮಾಡಬೇಡಿ. ಕಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರಿದರೆ ಹೈಡ್ರೋಜನ್ ಬರುತ್ತದೆ, ಬೆಂಕಿ ಹೊತ್ತಿಕೊಳ್ಳುವ ಅನಿಲ ಅದು.

ಟೈಟಾನಿಯಂ ಮೇಲಿನ ನೀಲಿ, ಬಳಿದ ಬಣ್ಣ ಅಲ್ಲ. ಮಳೆ ನಿಂತ ಮೇಲೆ ಪೆಟ್ರೋಲ್ ಬಂಕ್ ಮುಂದೆ ನೀರಲ್ಲಿ ತೇಲುವ ಎಣ್ಣೆಗೆ ಬಣ್ಣ ಬರುತ್ತಲ್ಲ, ಹಾಗೆ. ಲೋಹದ ಮೇಲೆ ಕೂತ ತೆಳು ಆಕ್ಸೈಡ್ (ಲೋಹ, ಆಮ್ಲಜನಕ ಸೇರಿ ಆಗುವಂಥದು) ಪದರದಲ್ಲಿ ಬೆಳಕು ಆಡುವ ಆಟ. ಆನೋಡೈಸಿಂಗ್ ಮಾಡುವಾಗ ಕರೆಂಟ್ 30 ವೋಲ್ಟ್ ಆಸುಪಾಸಿನಲ್ಲಿದ್ದರೆ ನೀಲಿ ಬರುತ್ತದೆ. ಆ ಪದರ ಕೂದಲಿನ ದಪ್ಪದಲ್ಲಿ ಸುಮಾರು ಸಾವಿರದಲ್ಲೊಂದು ಪಾಲು. ಅದನ್ನು ತೆಗೆಯಲು ಎರಡು ನಿಮಿಷ ಸಾಕು. ಹೊಳಪು ಬರಿಸೋದೇ ನಿಜವಾದ ಕೆಲಸ.

ಮರದ ಗೂಟಕ್ಕೆ ಟೇಪ್ ಸುತ್ತಿ ಉಂಗುರವನ್ನು ಬಿಗಿಯಾಗಿ ಕೂರಿಸಿ. 400ರ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟೂ ನಯ) ತಗೊಳ್ಳಿ, ಮಂಡಿಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅದರಲ್ಲಿ ನೆನೆಸಿ ಉಜ್ಜಿ. ಆಮೇಲೆ 600, 800, 1000, 1500, 2000. ಪ್ರತಿ ಸಲ ದಿಕ್ಕು ಬದಲಿಸಿ, ಹಿಂದಿನ ಗೆರೆಗೆ ಅಡ್ಡಲಾಗಿ ಉಜ್ಜಿ. ಹಿಂದಿನ ಗೆರೆ ಒಂದೂ ಉಳಿಯದಿದ್ದರೆ ಮಾತ್ರ ಮುಂದಿನ ನಂಬರ್. ಕೊನೆಗೆ ಹತ್ತಿ ಬಟ್ಟೆಯಲ್ಲಿ ಮೆಟಲ್ ಪಾಲಿಶ್ ಪೇಸ್ಟ್.

ಅವಸರ ಮಾಡಬೇಡಿ. ಟೈಟಾನಿಯಂ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ, ಪೇಪರಿಗೂ ಮೆತ್ತಿಕೊಳ್ಳುತ್ತದೆ. ನಾನು ಹೆಲ್ಪರ್ ಆಗಿದ್ದಾಗ ಒಂದು ಪೀಸ್‌ನ್ನು ಬಫ್ ಚಕ್ರಕ್ಕೆ (ಪಾಲಿಶ್ ಮಾಡಲು ತಿರುಗುವ ಬಟ್ಟೆಯ ಚಕ್ರ) ಒತ್ತಿ ಹಿಡಿದೆ. ಕಣ್ಣೆದುರೇ ಒಣ ಹುಲ್ಲಿನ ಹಳದಿ ಬಂತು, ಹಿಂದೆಯೇ ನೇರಳೆ. ತೆಗೆದ ಆಕ್ಸೈಡ್ ಬಿಸಿಗೆ ಮತ್ತೆ ಬೆಳೆದಿತ್ತು. ಮೊದಲಿಂದ ಶುರು ಮಾಡಬೇಕಾಯಿತು.

ಇನ್ನೊಬ್ಬರು (ಗುಬ್ಬಿ): ಅಣ್ಣಾ, ಗಾಜು ಕೆತ್ತುವ ಆಸಿಡ್‌ನಲ್ಲಿ ಒಂದೇ ಸಲ ಅದ್ದಿದರೆ ಬಣ್ಣ ಹೋಗುತ್ತಂತೆ, ನಿಜಾನಾ?

ಉತ್ತರ: ಹೋಗುತ್ತದೆ, ನಿಜ. ಆದರೆ ದಯವಿಟ್ಟು ಮುಟ್ಟಬೇಡಿ. ಅದು ಹೈಡ್ರೋಫ್ಲೋರಿಕ್ ಆಸಿಡ್. ತೆಳುವಾಗಿದ್ದರೆ ಚರ್ಮಕ್ಕೆ ಬಿದ್ದಾಗ ಉರಿಯೂ ಆಗದೆ ಇರಬಹುದು. ಗಂಟೆಗಳ ಮೇಲೆ ನೋವು ಶುರುವಾಗುವ ಹೊತ್ತಿಗೆ ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಂಡಿರುತ್ತದೆ. ಜಾಸ್ತಿ ಆದರೆ ಹೃದಯವೇ ನಿಲ್ಲಬಹುದು. ಕೆಲವು ತುಕ್ಕು ಕಲೆ ತೆಗೆಯುವ ದ್ರವದಲ್ಲೂ ಇದು ಇರುತ್ತದೆ, ಲೇಬಲ್ ಓದಿ. ಮೈಗೆ ತಾಗಿದರೆ ತಕ್ಷಣ ನೀರಲ್ಲಿ ತೊಳೆಯುತ್ತಾ ಆಸ್ಪತ್ರೆಗೆ ಹೊರಡಿ, ಡಾಕ್ಟರಿಗೆ ಆಸಿಡ್ ಹೆಸರು ಹೇಳಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುತ್ತಾರೆ. ಒಂದು ಉಂಗುರಕ್ಕೆ ಇಷ್ಟೆಲ್ಲ ಯಾಕೆ, ಅಲ್ವಾ?

ಇನ್ನೊಂದು ಮಾತು. ಒಣ ಟೈಟಾನಿಯಂ ಪುಡಿಗೆ ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ನೀರು ಹಾಕಿದರೆ ಇನ್ನೂ ಜೋರಾಗುತ್ತದೆ, ಒಣ ಮರಳೇ ಬೇಕು. ಕಬ್ಬಿಣ ಉಜ್ಜುವ ಗ್ರೈಂಡರ್‌ನಲ್ಲಿ ಟೈಟಾನಿಯಂ ಹಿಡಿಯಲೇಬೇಡಿ. ನೆನೆಸಿ ಕೈಯಲ್ಲೇ ಉಜ್ಜಿದರೆ ಪುಡಿ ಹಾರುವುದಿಲ್ಲ.

ಪ್ರಶ್ನೆ ಕೇಳಿದವರು: ಸರ್, ಬಣ್ಣ ಹೋಯಿತು. 2000 ಮುಗಿಸಿ ಪೇಸ್ಟ್ ಹಾಕಿದೆ. ಮುಖ ಕಾಣುತ್ತಿದೆ, ಆದರೆ ಬಿಸಿಲಿಗೆ ಹಿಡಿದರೆ ಮೂರ್ನಾಲ್ಕು ಅಡ್ಡ ಗೆರೆ. ಬೆಳ್ಳಿಯಷ್ಟು ಬಿಳುಪೂ ಬಂದಿಲ್ಲ.

ಉತ್ತರ: ಬಿಳುಪಿನ ಬಗ್ಗೆ ಯೋಚನೆ ಬೇಡ. ಟೈಟಾನಿಯಂ ಹೊಳಪೇ ಸ್ವಲ್ಪ ಬೂದು. ಗೆರೆಗಳು ಉಗುರಿಗೆ ತಡೆದರೆ ಬಹುಶಃ 400ರದು, ತಡೆಯದಿದ್ದರೆ 600ರದೋ ಅದರ ಮುಂದಿನದೋ ಉಳಿದಿರುತ್ತದೆ. ಪೇಸ್ಟ್ ತಿಕ್ಕಿ ಸುಸ್ತಾಗಬೇಡಿ, ಅದರಿಂದ ಹೋಗಲ್ಲ. ಆ ನಂಬರಿಗೇ ವಾಪಸ್ ಹೋಗಿ, ಹೊಸ ಪೇಪರ್ ತಗೊಂಡು ಅಲ್ಲಿಂದ ಬನ್ನಿ. ಮುಗಿದ ಮೇಲೆ ಬಿಸಿಲಲ್ಲೇ ಫೋಟೋ ತೆಗೆದು ಹಾಕಿ, ನೋಡೋಣ.